ಇಲಿಗೆ ಇಡದ ಎಡೆ

ನಮ್ಮ ಓಣಿಯಲ್ಲಿ ನನ್ನನ್ನು ಒಳ್ಳೆಯ ಹೆಂಗಸು ಅನ್ನುತ್ತಾರೆ. ಕರೆದರೆ ಹೋಗುತ್ತೇನೆ, ಕೇಳಿದರೆ ಕೊಡುತ್ತೇನೆ, ಇನ್ನೊಬ್ಬರ ಮನೆಯ ಮಾತು ಆಡುವುದು ಕಡಿಮೆ. ಆದರೆ ಒಮ್ಮೆ ನನಗೆ ಕೆಡುಕು ಮಾಡಿದವರನ್ನು ನಾನು ಮರೆಯುವವಳಲ್ಲ. ಇದು ನನ್ನ ಗಂಡನಿಗೆ ಗೊತ್ತು, ಶಿಕಾರಿಪುರದ ನಮ್ಮ ಮನೆಯ ಪೋರ್ಚಿನಲ್ಲಿ ಸತ್ತ ಇಲಿಗಳಿಗೂ ಗೊತ್ತು.

ಕಾರಿನಿಂದಲೇ ಶುರು ಮಾಡಬೇಕು. ನನ್ನ ಗಂಡ ಮೂವತ್ತು ವರ್ಷ ಗೂಡ್ಸ್ ಟೆಂಪೋ ಓಡಿಸಿದವರು. ಒಂದು ಬೆಳಿಗ್ಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಗೋಡೆ ಹಿಡಿದು ಅಂಗಳದವರೆಗೆ ಕಾಲೆಳೆದುಕೊಂಡು ಹೋಗುವಷ್ಟು ಮಾತ್ರ ಉಳಿಯಿತು. ಟೆಂಪೋ ಮಾರಿದೆವು. ಮನೆಗೆಂದು ಇಟ್ಟುಕೊಂಡಿದ್ದ ಹಳೆಯ ಸಣ್ಣ ಕಾರು ಮಾತ್ರ ಪೋರ್ಚಿನಲ್ಲಿ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಅವರ ಮುಖ ಬಾಡುತ್ತಿತ್ತು. ಮಾರೋಣ ಅಂದರು. ನಾನು ಹೂಂ ಅನ್ನಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ, ಮೀಸೆ ಚಿಗುರುತ್ತಿದ್ದ ಹುಡುಗರ ಜೊತೆ ಡ್ರೈವಿಂಗ್ ಶಾಲೆಗೆ ಹೋಗಿ ಕಾರು ಕಲಿತೆ.

ಹಟಕ್ಕೆ ಕಾರಣವಿತ್ತು. ಸೊರಬದ ಆಚೆ ನನ್ನ ತವರೂರು ಜಡೆಯಲ್ಲಿ ಅಪ್ಪನ ಆಸ್ತಿಯಿಂದ ನನ್ನ ಪಾಲಿಗೆ ಎರಡು ಎಕರೆ ಭತ್ತದ ಗದ್ದೆ ಬಂದಿದೆ. ಬಸ್ಸಿನಲ್ಲಿ ಹೋದರೆ ಸೊರಬದಲ್ಲಿ ಇಳಿದು, ಜಡೆ ಬಸ್ಸಿಗೆ ಕಾದು, ಗದ್ದೆ ಮುಟ್ಟುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ. ತಿರುಗಿ ಬರುವ ಬಸ್ಸಿನ ಚಿಂತೆಯಲ್ಲಿ ಉಳಿದರ್ಧ. ಹಾಗೆ ಬೇಸಾಯ ಮಾಡಲಾಗುವುದಿಲ್ಲ. 'ಹೆಣ್ಮಗಳು, ಊರು ಬಿಟ್ಟು ಇರೋಳು, ಲಾವಣಿಗೆ ಹಾಕಿ ಸುಮ್ನಿರು' ಎಂದು ಹೇಳದ ನೆಂಟರಿಲ್ಲ. ಲಾವಣಿ ಅಂತ ಗೇಣಿಗೆ ಕೊಟ್ಟ ಗದ್ದೆ ಮೂರು ವರ್ಷದಲ್ಲಿ ಮಾಡುವವನದಾಗುತ್ತದೆ, ನಮ್ಮ ಕೈಯಲ್ಲಿ ಪಹಣಿ ಒಂದೇ ಉಳಿಯುತ್ತದೆ. ಕಾರು ಓಡಿದರೆ ಗದ್ದೆ ನನ್ನದು, ನಿಂತರೆ ಇಲ್ಲ. ಆ ಲೆಕ್ಕ ಅಷ್ಟು ಸರಳವಾಗಿತ್ತು.

ಅಂಥ ಕಾರಿಗೆ ಇಲಿ ಬಾಯಿ ಹಾಕಿತು.

ಮೊದಲ ಸಲದ ತಪ್ಪು ನನ್ನದೇ. ಸೊರಬದ ಕಡೆ ಭೂಮಿ ಹುಣ್ಣಿಮೆ ದೊಡ್ಡ ಹಬ್ಬ. ಹೊಡೆ ತುಂಬಿದ ಭತ್ತ ಬಸುರಿ ಇದ್ದ ಹಾಗೆ ಎಂದು ಗದ್ದೆಗೆ ಬಯಕೆ ಊಟ ಬಡಿಸುತ್ತಾರೆ. ನೂರೆಂಟು ಸೊಪ್ಪು ಬೇಯಿಸಿದ ಪಲ್ಯ, ಕಡುಬು, ಬುತ್ತಿ ಎಲ್ಲವನ್ನೂ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ನಸುಕಿನಲ್ಲೇ ಗದ್ದೆಗೆ ಹೋಗಿ ಎಡೆ ಇಟ್ಟು, ಮಿಕ್ಕಿದ್ದನ್ನು ಪೈರಿನ ಮೇಲೆ ಬೀರಿ ಬರುವುದು. ಹಾಗೆ ಬೀರಿ ಉಳಿದದ್ದನ್ನು ಮನೆಯ ಹೊಸಲು ದಾಟಿಸಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ನಾನು ಅವ್ವನ ಮಾತು ಮೀರದ ಮಗಳು. ತಳದಲ್ಲಿ ಅನ್ನ ಅಂಟಿದ್ದ ಬುಟ್ಟಿಯನ್ನು ಶಿಕಾರಿಪುರದವರೆಗೆ ತಂದು, ಹೊಸಲು ದಾಟಿಸದೆ, ಕಾರಿನ ಡಿಕ್ಕಿಯಲ್ಲೇ ಬಿಟ್ಟೆ. ನಾಳೆ ತೊಳೆದರಾಯಿತು ಅಂದುಕೊಂಡೆ. ಹನ್ನೆರಡು ದಿನ ಮರೆತೆ. ಡ್ಯಾಶ್‌ಬೋರ್ಡಿನ ಮೇಲೆ ಶುಭಕ್ಕೆಂದು ಒಂದು ಹಿಡಿ ಭತ್ತದ ತೆನೆಯನ್ನೂ ಇಟ್ಟಿದ್ದೆ. ಇಲಿಗೆ ಅದಕ್ಕಿಂತ ಮರ್ಯಾದೆಯ ಕರೆಯೋಲೆ ಬೇಕೆ?

ಹದಿಮೂರನೆಯ ದಿನ ಕೀಲಿ ತಿರುಗಿಸಿದರೆ ಸದ್ದಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಒಳಗೊಂದು ಸಂಸಾರವೇ ಇತ್ತು. ಹುಲ್ಲು, ಸೀಟಿನ ಸ್ಪಂಜು, ನನ್ನ ಹಳೆಯ ಸೀರೆಯ ಅಂಚು, ಮಧ್ಯೆ ಹದವಾದ ಕುಳಿ. ಪಕ್ಕದಲ್ಲಿ ವೈರುಗಳ ಮೈ ಸುಲಿದು ತಾಮ್ರ ಹಲ್ಲು ಕಿರಿಯುತ್ತಿತ್ತು.

"ಅಕ್ಕೋರೆ, ನೀವು ಮನಿ ಕಟ್ಟಿ ಕೊಟ್ಟೀರಿ, ಅವು ಗೃಹಪ್ರವೇಶ ಮಾಡ್ಯಾವೆ," ಅಂದ.

ನನಗೆ ನಗು ಬರಲಿಲ್ಲ. ಸೀರೆಯ ಅಂಚನ್ನು ಕೈಯಲ್ಲಿ ಹಿಡಿದಾಗ ಮೈಯೆಲ್ಲ ಉರಿಯಿತು. ನನ್ನ ಸೀರೆ ಹಾಸಿಕೊಂಡು, ನನ್ನ ಅನ್ನ ತಿಂದು, ನನ್ನ ಕಾಲನ್ನೇ ಕಡಿದಿದ್ದವು. ಅವತ್ತೇ ಹಲ್ಲು ಕಚ್ಚಿ ನಿರ್ಧಾರ ಮಾಡಿದೆ, ನಮ್ಮ ಕಾಂಪೌಂಡಿನೊಳಗೆ ಒಂದು ಇಲಿಯೂ ಸುಖವಾಗಿ ಸಾಯಬಾರದು.

ಆಮೇಲೆ ಊರಿನ ಸಲಹೆಗಳು ಬಂದವು. ಡಾಂಬರು ಗುಳಿಗೆ ಕಟ್ಟಿ ಅಂದರು, ಕಟ್ಟಿದೆ. ಕಾರಿನಲ್ಲಿ ಕೂತವರೆಲ್ಲ ಹಳೆಯ ಟ್ರಂಕಿನ ವಾಸನೆ ಅಂದರೇ ಹೊರತು ಇಲಿಗಳು ಏನೂ ಅನ್ನಲಿಲ್ಲ. ಹೊಗೆಸೊಪ್ಪಿನ ಘಾಟಿಗೆ ಓಡುತ್ತವೆ ಅಂದರು. ನನ್ನ ಗಂಡನ ಎಲೆಅಡಿಕೆ ತಟ್ಟೆಯಿಂದ ಹೊಗೆಸೊಪ್ಪಿನ ಕಡ್ಡಿಗಳನ್ನು ಎತ್ತಿಕೊಂಡು ಬಂದು ಇಂಜಿನ್ನಿನ ಸಂದಿಗಳಲ್ಲಿ ತುರುಕಿದೆ. "ಇಲಿ ಬಿಡ್ತಾವೋ ಇಲ್ಲೋ, ನನ್ನ ಚಟ ಬಿಡಿಸ್ತಿ," ಎಂದು ಅವರು ಕುರ್ಚಿಯಿಂದಲೇ ಗೊಣಗಿದರು. ಎಡಗೈ ಸೋತ ಮೇಲೆ ಅವರಿಗೆ ಉಳಿದಿದ್ದ ಕೆಲಸ ಅದೊಂದೇ. ಅಡಿಕೆಯನ್ನು ಅಡಕತ್ತಿನ ಬಾಯಿಗೆ ಕೊಟ್ಟು, ಮೊಣಕಾಲಿಗೆ ಒತ್ತಿ ಹಿಡಿದು, ಬಲಗೈಯೊಂದರಲ್ಲೇ ಹೋಳು ಮಾಡುವುದು. ದಿನವಿಡೀ ಅದರ ಕಟಕ್ ಕಟಕ್ ಕೇಳುತ್ತಿತ್ತು.

ಅಂಟಿನ ಹಲಗೆ ತಂದೆ. ಮೊದಲ ದಿನ ಅದಕ್ಕೆ ಸಿಕ್ಕಿದ್ದು ನನ್ನದೇ ಚಪ್ಪಲಿ. ಕಡೆಗೆ ಕೈಹಿಡಿದದ್ದು ಕಬ್ಬಿಣದ ಬೋನು. ಕೊಬ್ಬರಿಗೆ ಮರುಳಾಗದವು ಮಿರ್ಚಿಗೆ ಮರುಳಾದವು. ಶಿಕಾರಿಪುರದ ಇಲಿ ಅಲ್ಲವೇ, ಸಂಜೆಗೆ ಮಂಡಕ್ಕಿ ಮಿರ್ಚಿ ಬೇಕು! ಬೆಳಿಗ್ಗೆ ಬೋನು ಬಿದ್ದ ಸದ್ದಿದ್ದರೆ ಹಾಲು ಕಾಯಿಸುವ ಮೊದಲೇ ಹೊರಗೆ ಹೋಗುತ್ತಿದ್ದೆ. ತೊಟ್ಟಿಯ ನೀರಿಗೆ ಬೋನನ್ನು ಇಳಿಸಿ, ಗುಳ್ಳೆ ನಿಲ್ಲುವವರೆಗೂ ಅಲ್ಲೇ ನಿಲ್ಲುತ್ತಿದ್ದೆ. ಎದುರು ಮನೆಯಾಕೆ ಗಣಪತಿಯ ವಾಹನ ಕಣ್ರೀ, ಪಾಪ ಬರುತ್ತೆ ಎಂದಳು. ಗಣಪತಿಗೆ ಒಂದು ಸಾಕಲ್ಲ, ಉಳಿದವನ್ನು ನನಗೆ ಬಿಡಿ ಅಂದೆ. ಸುಳ್ಳು ಯಾಕೆ ಹೇಳಲಿ, ಆ ಗುಳ್ಳೆಗಳನ್ನು ನೋಡುವಾಗ ನನಗೆ ಸಮಾಧಾನವಾಗುತ್ತಿತ್ತು.

ಜಡೆಯ ಗದ್ದೆಯಲ್ಲೂ ಯುದ್ಧ ಬಿಡಲಿಲ್ಲ. ಅಲ್ಲಿಯ ಪಂಪ್‌ಸೆಟ್ ಮನೆಯಲ್ಲಿ ಕಳೆ ಹೊಡೆಯುವ ಮಿಷನ್ನು, ಬೆನ್ನಿಗೆ ಹಾಕುವ ಔಷಧಿ ಪಂಪು, ತಾಡಪಾಲು ಇಡುತ್ತಿದ್ದೆ. ಮಳೆಗಾಲ ಕಳೆದು ತೆಗೆದರೆ ಮಿಷನ್ನಿನ ಪೆಟ್ರೋಲ್ ಪೈಪು ಇಲ್ಲ, ಪಂಪಿನ ಪಟ್ಟಿ ಇಲ್ಲ, ತಾಡಪಾಲು ಜರಡಿಯಾಗಿತ್ತು. ನಾನು ಸ್ಟೀಲಿನ ಹಳೆಯ ತಟ್ಟೆಗಳಿಗೆ ನಡುವೆ ತೂತು ಕೊರೆಸಿ, ತಂತಿ ಪೋಣಿಸಿ, ತೊಲೆಯಿಂದ ಎಲ್ಲವನ್ನೂ ನೇತು ಹಾಕಿದೆ. ಮೇಲಿನಿಂದ ತಂತಿ ಹಿಡಿದು ಇಳಿಯುವ ಇಲಿ ತಟ್ಟೆಯ ಮೇಲೆ ಕಾಲಿಟ್ಟರೆ ಜಾರಿ ನೆಲಕ್ಕೆ. ನೆಲದಲ್ಲಿ ಬೋನು. ಅಲ್ಲೇ ಊರಲ್ಲಿರುವ ನನ್ನ ತಮ್ಮನ ಹೆಂಡತಿ ನೋಡಿ, "ಅಕ್ಕಾ, ಇಷ್ಟು ತಲೆ ಓದೋಕೆ ಓಡಿಸಿದ್ರೆ ಡಾಕ್ಟ್ರಾಗ್ತಿದ್ರಿ," ಅಂದಳು.

ಇತ್ತ ಮೆಕ್ಯಾನಿಕ್ ಒಂದು ಮಾತು ಹೇಳಿದ್ದ. "ಸಂಜಿ ಗಾಡಿ ನಿಲ್ಲಿಸಿದ ಮ್ಯಾಲೆ ಬಾನೆಟ್ ಎತ್ತಿ ಕೋಲು ಕೊಟ್ಟು ಬಿಡ್ರಿ. ಕತ್ತಲ ಇಲ್ಲ, ಬೆಚ್ಚಗೆ ಇಲ್ಲ ಅಂದ್ರೆ ಇಲಿ ಕೂರಂಗಿಲ್ಲ." ಎಲ್ಲಾ ಮದ್ದಿಗಿಂತ ಅದೇ ನಾಟಿತು. ಪೋರ್ಚಿನ ಸುತ್ತ ತಂತಿ ಜಾಲರಿ ಹೊಡೆಸಿದೆ, ಹೂವಿನ ಕುಂಡಗಳನ್ನು ದೂರ ಸರಿಸಿದೆ, ದಿನಾ ಸಂಜೆ ಬಾನೆಟ್ ಎತ್ತಿಟ್ಟೆ. ಬೆಳಿಗ್ಗೆ ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿ ಹಿಕ್ಕೆ ಹುಡುಕುತ್ತಿದ್ದೆ. ಆರು ತಿಂಗಳು ಒಂದು ಹಿಕ್ಕೆಯೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ.

ಗೆದ್ದವರಿಗೆ ಕೊಬ್ಬು ಬರುತ್ತದೆ. ಮುಂದಿನ ಭೂಮಿ ಹುಣ್ಣಿಮೆಗೆ ನಾಲ್ಕು ಗಂಟೆಗೇ ಎದ್ದು ಕಾರು ತೆಗೆದು ಜಡೆಗೆ ಹೋದೆ. ನಮ್ಮ ತವರಿನ ಪದ್ಧತಿಯಲ್ಲಿ ಮೂರು ಎಡೆ. ಭೂಮಿತಾಯಿಗೆ ಒಂದು, ಕಾಗೆಗೆ ಒಂದು, ಇಲಿಗೆ ಒಂದು. ಗದ್ದೆಯಲ್ಲಿ ಇಲಿಗೂ ಪಾಲಿದೆ, ಕೊಟ್ಟರೆ ಉಳಿದದ್ದನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ. ಎರಡು ಎಡೆ ಇಟ್ಟೆ. ತಮ್ಮನ ಹೆಂಡತಿ ಮೂರನೆಯ ಎಲೆಯನ್ನು ಬದುವಿನ ಬಿಲದ ಬಾಯಿಗೆ ಹಾಸಿ ನನ್ನ ಮುಖ ನೋಡಿದಳು. ನಾನು ಇಲಿಯ ಕಡುಬನ್ನು ಕೈಗೆತ್ತಿಕೊಂಡು, ಬಿಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ನಿಧಾನವಾಗಿ ಅಗಿದು ಅಗಿದು ನಾನೇ ತಿಂದೆ.

"ಅಕ್ಕಾ, ಬ್ಯಾಡ. ಹಿಂದಿನಿಂದ ನಡ್ಕಂಡ್ ಬಂದಿದ್ದು," ಅಂದಳು.

"ಅವರ ಪಾಲು ಅವರು ಆಗಲೇ ತಿಂದಾರೆ," ಅಂದೆ.

ಮಧ್ಯಾಹ್ನದ ಮೇಲೆ ಮನೆಗೆ ಬಂದು ಗಂಡನಿಗೆ ಈ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದೆ. ಅವರು ಎಂದಿನಂತೆ ಕುರ್ಚಿಯಲ್ಲಿ ಕೂತೇ ಕೇಳಿದರು.

ಭತ್ತ ಹಣ್ಣಾಯಿತು. ಈಗ ಕೊಯ್ಲಿಗೆ ಆಳು ಸಿಗುವುದಿಲ್ಲ, ಕಟಾವು ಮಿಷನ್ನೇ ಬರಬೇಕು. ಅದು ಒಂದು ತುದಿಯಿಂದ ಪಾಳಿಯ ಪ್ರಕಾರ ಬಯಲು ಕೊಯ್ಯುತ್ತಾ ಬರುತ್ತದೆ. ಗದ್ದೆಯ ಯಜಮಾನ ಬದುವಿನ ಮೇಲೆ ಇರಬೇಕು, ಇಲ್ಲದಿದ್ದರೆ ಮುಂದಿನ ಗದ್ದೆಗೆ ಹೊರಟುಬಿಡುತ್ತದೆ. ನನ್ನ ತಮ್ಮ ಜಡೆಯಿಂದ ಫೋನು ಮಾಡಿ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಪಾಳಿ ಅಂದ. ಭತ್ತ ಒಣಗಿಸಿ ಚೀಲ ತುಂಬಿಸುವವರೆಗೆ ಎರಡು ದಿನ ಅಲ್ಲೇ ಇರುತ್ತೇನೆ ಎಂದು ಗಂಡನಿಗೆ ಹೇಳಿ, ಅವರಿಗೆ ಅಡುಗೆಯ ವ್ಯವಸ್ಥೆ ಮಾಡಿ ಮುಗಿಸಿದೆ.

ಬೆಳಿಗ್ಗೆ ಬಾನೆಟ್ ಇಳಿಸಿ ಕೀಲಿ ತಿರುಗಿಸಿದೆ. ಸದ್ದೇ ಇಲ್ಲ. ಮತ್ತೆ ಬಾನೆಟ್ ಎತ್ತಿದರೆ ದಪ್ಪದೊಂದು ವೈರು ಎರಡು ತುಂಡಾಗಿ ನೇತಾಡುತ್ತಿತ್ತು.

ನನ್ನ ಬಾಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಮೆಕ್ಯಾನಿಕ್ ಮದುವೆಗೆಂದು ಪರವೂರಿಗೆ ಹೋಗಿದ್ದ. ಕಡುಬಿನ ಕಥೆಯನ್ನು ನನ್ನ ಬಾಯಿಂದಲೇ ಕೇಳಿದ್ದ ಎದುರು ಮನೆಯಾಕೆ ಬಂದು ನೋಡಿ, ಬಾಯಿ ಮೇಲೆ ಕೈಯಿಟ್ಟು, ಎಡೆ ಕೊಡದೆ ಬಂದಿರಲ್ಲ, ಸೇಡು ತೀರಿಸಿಕೊಂಡಿತು ಅಂದಳು. ನನ್ನ ಗಂಡನೂ ಕುರ್ಚಿಯಿಂದ, "ಪಾಲು ಕೊಡಬೇಕಿತ್ತು ನೋಡು," ಅಂದರು. ನಾನು ದೇವರನ್ನು ಅಷ್ಟಾಗಿ ನಂಬುವವಳಲ್ಲ, ಆದರೆ ಸೇಡನ್ನು ನಂಬುತ್ತೇನೆ. ಇಲಿಯ ಜಾಗದಲ್ಲಿ ನಾನಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ. ಹಾಗಾಗಿ ನಂಬಿದೆ.

ಬಸ್ಸು ಹಿಡಿದು ಹೋದೆ. ಜಡೆಯಲ್ಲಿ ಇಳಿದು ಗದ್ದೆಗೆ ಓಡಿದಾಗ ಹನ್ನೊಂದೂವರೆ. ಅಕ್ಕಪಕ್ಕದ ಗದ್ದೆಗಳಲ್ಲಿ ಬರೀ ಕೂಳೆ, ನಡುವೆ ನನ್ನದೊಂದೇ ಹಳದಿಯಾಗಿ ನಿಂತಿತ್ತು. ಅವತ್ತೇ ನನ್ನ ತಮ್ಮ ಸೊರಬಕ್ಕೆ, ಕಚೇರಿ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಅಡ್ಡ ನಿಂತು ಹೇಳಿದರೂ ಮಿಷನ್ನಿನವನು ಕೇಳಲಿಲ್ಲವಂತೆ. ಇನ್ನು ಹತ್ತು ದಿನ ಬಿಟ್ಟು ಈ ಕಡೆ ಬರುತ್ತೇನೆ ಅಂದನಂತೆ. ಹತ್ತು ದಿನದಲ್ಲಿ ಹಣ್ಣು ಭತ್ತ ಉದುರುತ್ತದೆ. ಸುತ್ತಲ ಗದ್ದೆ ಬರಿದಾದರೆ ಬಯಲಿನ ಇಲಿಯೆಲ್ಲ ಉಳಿದ ಒಂದೇ ಗದ್ದೆಗೆ ಬರುತ್ತದೆ. ಪಕ್ಕದ ಗದ್ದೆಯವನು, ಮುಂದಿನ ವರ್ಷ ಲಾವಣಿಗೆ ಕೊಡಿ ಅಕ್ಕಾ, ನಿಮಗ್ಯಾಕೆ ಒದ್ದಾಟ ಎಂದು ಮೆತ್ತಗೆ ಕೇಳಿದ. ನಾನು ಬದುವಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಸಂಜೆ ಶಿಕಾರಿಪುರದಲ್ಲಿ ಬಸ್ಸಿಳಿದವಳು ಮನೆಗೆ ಹೋಗುವ ಮುಂಚೆ ಇಲಿ ಪಾಷಾಣ ಕೊಂಡೆ. ಅಂಗಡಿಯವನು ಎಷ್ಟು ಬೇಕು ಅಂದ. ಇರುವಷ್ಟು ಕೊಡು ಅಂದೆ. ಗೋಧಿ ಹಿಟ್ಟಿನಲ್ಲಿ ಕಲಸಿ, ಉಂಡೆ ಕಟ್ಟಿ, ಪೋರ್ಚಿನ ನಾಲ್ಕು ಮೂಲೆ, ಚರಂಡಿಯ ಬಾಯಿ, ಕಾರಿನ ಚಕ್ರಗಳ ಹಿಂದೆ ಇಟ್ಟೆ. ಹಬ್ಬಕ್ಕೆ ಕೊಡದ ಎಡೆಯನ್ನು ಈಗ ಕೊಡುತ್ತಿದ್ದೇನೆ ತಿನ್ನಿ ಎಂದು ಬಾಯಿಬಿಟ್ಟು ಹೇಳಿದೆ. ಎರಡು ದಿನ ಕಳೆದರೂ ಒಂದು ಉಂಡೆಯೂ ಅಲುಗಲಿಲ್ಲ.

ಮೂರನೆಯ ದಿನ ಮೆಕ್ಯಾನಿಕ್ ಬಂದ. ವೈರಿನ ತುಂಡನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ನನ್ನ ಮುಖ ನೋಡಿದ.

"ಅಕ್ಕೋರೆ, ಇದು ಇಲಿ ಅಲ್ಲ."

"ಮತ್ತೇನು ಹೆಗ್ಗಣವಾ?"

"ಹಲ್ಲಿನ ಗುರುತೇ ಇಲ್ರೀ. ಇಲಿ ಆದ್ರೆ ಮೇಲಿನ ಪ್ಲಾಸ್ಟಿಕ್ ಪುಡಿ ಪುಡಿ ಮಾಡಿ, ತಂತಿ ಎಳೆ ಎಳೆ ಬಿಟ್ಟಿರ್ತೈತಿ. ಇದು ಒಂದೇ ಏಟಿಗೆ ತುಂಡಾಗೈತಿ. ಕಟಿಂಗ್ ಪ್ಲೇಯರೂ ಅಲ್ಲ. ಒಂದು ಕಡೆ ಹರಿತ, ಇನ್ನೊಂದು ಕಡೆ ಚಪ್ಪಟೆ ಒತ್ತೈತಿ ನೋಡ್ರಿ. ಮತ್ತೆ ಈ ಒಂದು ವೈರ್ ಹೋದ್ರೆ ಗಾಡಿ ನಿಲ್ತೈತಿ ಅಂತ ಇಲಿಗೇನ್ ಗೊತ್ತು?"

ಒಂದು ಕಡೆ ಹರಿತ, ಒಂದು ಕಡೆ ಚಪ್ಪಟೆ. ನಾನು ಒಳಗೆ ಹೋದೆ. ಗಂಡ ಹಾಸಿಗೆಯಲ್ಲಿ ಒರಗಿದ್ದರು. ಎಲೆಅಡಿಕೆ ತಟ್ಟೆಯಿಂದ ಅಡಕತ್ತನ್ನು ಎತ್ತಿಕೊಂಡೆ. ಅಲಗಿನಲ್ಲಿ ಒಂದು ಹೊಸ ಕಚ್ಚು ಬಿದ್ದಿತ್ತು. ಕೀಲಿನ ಸಂದಿಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಒಂದು ಚೂರು ಸಿಕ್ಕಿಕೊಂಡಿತ್ತು. ಬಾನೆಟ್ಟನ್ನು ದಿನಾ ಎತ್ತಿ ಇಡುತ್ತಿದ್ದವಳು ನಾನೇ. ಮೂವತ್ತು ವರ್ಷ ಗಾಡಿ ಓಡಿಸಿದವರಿಗೆ ಯಾವ ವೈರು ಅಂತ ಹೇಳಿಕೊಡಬೇಕೆ?

ಅಡಕತ್ತನ್ನು ಅವರ ಎದೆಯ ಮೇಲೆ ಇಟ್ಟೆ. ಇಲಿಗಳಿಗೆ ಮಾಡಿದ್ದನ್ನೆಲ್ಲ ಆ ಕ್ಷಣ ಇವರಿಗೆ ಮಾಡಬಲ್ಲೆ ಅನ್ನಿಸಿತು. ತೊಟ್ಟಿಯ ನೀರು ಕೂಡ ನೆನಪಾಯಿತು.

"ಗದ್ದೆ ಉದುರಿ ಹೋಗ್ತಾ ಐತ್ರೀ," ಅಂದೆ. "ನಾನು ನಿಮಗೆ ಏನ್ ಅನ್ಯಾಯ ಮಾಡಿದ್ದೆ?"

ಅವರು ಅಲ್ಲಗಳೆಯಲಿಲ್ಲ. ಅಡಕತ್ತನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿದರು.

"ಭೂಮಿ ಹುಣ್ಣಿಮಿ ದಿನ ನೀ ಹೋದ ಮ್ಯಾಲೆ ಬಚ್ಚಲದಾಗ ಬಿದ್ದಿದ್ದೆ," ಅಂದರು. "ಏಳೋಕೆ ಆಗ್ಲಿಲ್ಲ. ಕೂಗಿದ್ರೆ ಯಾರಿಗೂ ಕೇಳ್ಲಿಲ್ಲ. ಬಿಸಿಲು ಕಿಟಕಿಗೆ ಬರೋ ತನಕ ಅಲ್ಲೇ ಇದ್ದೆ. ಹೆಂಗೋ ತೆವಳಿಕೊಂಡು ಬಂದು ಕುರ್ಚಿ ಹತ್ತಿ ಕುಂತೆ. ಆಮೇಲೆ ನೀ ಬಂದು ಕಡುಬಿನ ಕಥೆ ಹೇಳಿದಿ."

"ಅವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀ ಹೋಗ್ತಿರಲಿಲ್ಲ."

"ಹೋಗಬಾರದು ಅಂತಾನೇ ಅಲ್ವಾ ಕತ್ತರಿಸಿದ್ದು?"

"ಹೂಂ. ಎರಡು ದಿನ ಅಂದಿ ನೀನು. ಹೆದರಿಕಿ ಆತು. ಆದ್ರ ನಾನು ತಡದೆ ಅಂತ ಆಗಬಾರದಿತ್ತು. ಇಲಿ ತಡೀತು ಅಂತ ಆದ್ರೆ ನೀ ಇಲೀನ ಬೈಕೊಂಡು ಇರ್ತಿದ್ದಿ."

ನನಗೆ ಮರುಕ ಬರಬೇಕಿತ್ತು, ಬರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿದ್ದದ್ದಕ್ಕೆ ನನ್ನ ವರ್ಷದ ಬೆಳೆ ಕೊಟ್ಟಿದ್ದರು. ಹೊರಗೆ ಹೋಗಿ, ನಾಯಿಯೋ ಮಗುವೋ ಮುಟ್ಟುವ ಮೊದಲು ಪಾಷಾಣದ ಉಂಡೆಗಳನ್ನೆಲ್ಲ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ ಹೂತೆ. ಏಳು ದಿನ ಅವರ ಜೊತೆ ಮಾತಾಡಲಿಲ್ಲ. ಊಟ ಇಡುತ್ತಿದ್ದೆ, ತಟ್ಟೆ ಎತ್ತುತ್ತಿದ್ದೆ, ಅಷ್ಟೇ. ಅಡಕತ್ತನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಣ್ಣತನ ಅಂತ ಗೊತ್ತಿತ್ತು, ಆದರೂ ಹಾಕಿದೆ.

ಮತ್ತೆ ಪಾಳಿ ಬಂದ ಬೆಳಿಗ್ಗೆ ಕಾರಿನ ಮುಂದಿನ ಬಾಗಿಲು ತೆಗೆದು, ಅವರ ಮುಂದೆ ಹೋಗಿ ನಿಂತೆ.

"ಹತ್ರಿ," ಅಂದೆ.

"ನಾ ಒಲ್ಲೆ. ಅಲ್ಲಿ ನನ್ನ ಯಾರು ಎಬ್ಬಿಸ್ತಾರೆ, ಯಾರು ಕೂರಿಸ್ತಾರೆ? ನಿನ್ನ ತವರಿನವರ ಎದುರಿಗೆ…"

"ನಾನು ಎಬ್ಬಿಸ್ತೀನಿ. ಎಲ್ಲರ ಎದುರಿಗೇ ಎಬ್ಬಿಸ್ತೀನಿ. ಅದೇ ನಿಮಗೆ ಶಿಕ್ಷೆ."

ದಾರಿಯುದ್ದಕ್ಕೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಾ ಕೂತಿದ್ದರು. ಗೇರು ಇಳಿಸು ಅಂದ ಕಡೆಯಲ್ಲೆಲ್ಲ ನಾನು ಬೇಕೆಂತಲೇ ಇಳಿಸಲಿಲ್ಲ. ಗದ್ದೆಯಲ್ಲಿ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಮೂರರಲ್ಲಿ ಒಂದು ಪಾಲು ತೆನೆ ನೆಲ ಸೇರಿತ್ತು. ಅವರು ಅದನ್ನು ನೋಡಿದರು, ನಾನು ಅವರು ನೋಡುವುದನ್ನು ನೋಡಿದೆ. ಆಮೇಲೆ ಮಿಷನ್ನಿನವನಿಗೆ, ಬಾಯಿ ಇನ್ನೂ ತಗ್ಗಿಸು, ಬಿದ್ದದ್ದು ಬಿಡಬ್ಯಾಡ ಎಂದು ಬದುವಿನಿಂದಲೇ ಕೂಗತೊಡಗಿದರು.

ಹನ್ನೆರಡರ ಹೊತ್ತಿಗೆ ಕೂಗು ನಿಂತಿತು. ತಿರುಗಿ ನೋಡಿದರೆ ನನ್ನ ಕಡೆ ನೋಡುತ್ತಿದ್ದರು. ಕರೆಯಲು ನಾಚಿಕೆ. ಹೋಗಿ ತೋಳಿಗೆ ತೋಳು ಕೊಟ್ಟು ಎಬ್ಬಿಸಿ, ಪಂಪ್‌ಸೆಟ್ ಮನೆಯ ಹಿಂದಕ್ಕೆ ನಡೆಸಿಕೊಂಡು ಹೋದೆ. ಗೋಡೆಗೆ ಒರಗಿಸಿ, ಪಂಚೆಯನ್ನು ಸರಿಸಿ ಹಿಡಿದೆ. ಮನೆಯಲ್ಲಿ ಸ್ನಾನ, ಬಚ್ಚಲು ಎಲ್ಲವನ್ನೂ ಹಟದಿಂದ ತಾವೇ ಮಾಡಿಕೊಳ್ಳುತ್ತಿದ್ದವರು. ಎಷ್ಟೋ ತಿಂಗಳ ಮೇಲೆ ಅವರ ಮೈ ನೋಡಿದ್ದೆ. ಎಡ ಸೊಂಟದಿಂದ ತೊಡೆಯವರೆಗೆ ಅಂಗೈ ಅಗಲ ಚರ್ಮ ತರಚಿ ಒಣಗಿ ಕಪ್ಪುಗಟ್ಟಿತ್ತು. ಅಂಚಿನಲ್ಲಿ ಇನ್ನೂ ಗುಲಾಬಿ ಬಣ್ಣದ ಎಳೆ ಚರ್ಮ.

"ಇದನ್ನ ಯಾಕ್ರೀ ತೋರಿಸ್ಲಿಲ್ಲ?" ಅಂದೆ. "ಎಷ್ಟು ದಿನ ಉರೀತು?"

ಅವರು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು. "ತೋರಿಸಬೇಕು ಅಂತ ದಿನಾ ಬೆಳಿಗ್ಗೆ ಬಾಗಿಲ ತನಕ ಬರ್ತಿದ್ದೆ. ನೀ ಟಾರ್ಚ್ ಹಿಡಕೊಂಡು ಕಾರಿನ ಕೆಳಗೆ ಇರ್ತಿದ್ದಿ."